ಗೈಡ್ ಡಾಗ್ ಮರಿ ಸಾಕುವ ಆಸೆ ಇದೆ, ವಾಪಸ್ ಕೊಡುವ ಧೈರ್ಯ ಇಲ್ಲ. ಸಾಕಿದವರು ಯಾರಾದರೂ ಇದ್ದೀರಾ?

ಹೊಸಚಪ್ಪಲಿ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿದೆ. ಕಣ್ಣು ಕಾಣದವರನ್ನು ಕರೆದುಕೊಂಡು ಹೋಗುವ ನಾಯಿಗಳಿವೆಯಲ್ಲ, ಗೈಡ್ ಡಾಗ್, ಅವು ಮರಿಯಾಗಿದ್ದಾಗ ಯಾರದೋ ಮನೆಯಲ್ಲಿ ಬೆಳೆಯುತ್ತವೆ. ಸಂಸ್ಥೆಯವರು ಎಂಟು ವಾರದ ಮರಿ ತಂದುಕೊಡುತ್ತಾರೆ. ನಾವು ಸಾಕಿ, ಮನೆಯ ಶಿಸ್ತು ಕಲಿಸಿ, ಹದಿನಾಲ್ಕು ಹದಿನೈದು ತಿಂಗಳಾದ ಮೇಲೆ ವಾಪಸ್ ಕೊಡಬೇಕು. ಸಂಬಳ ಇಲ್ಲ, ಪೂರ್ತಿ ಸ್ವಯಂಸೇವೆ.

ನನಗೆ ನಾಯಿ ಅಂದರೆ ಪ್ರಾಣ. ಕೆಲಸ ಮನೆಯಿಂದಲೇ. ಮನೆಯವರೂ ಒಪ್ಪಿದ್ದಾರೆ (ಅಂದರೆ "ನಿನ್ನಿಷ್ಟ" ಎಂದಿದ್ದಾರೆ, ಅದರ ಅರ್ಥ ನಿಮಗೆ ಗೊತ್ತಲ್ಲ). ಅರ್ಜಿ ತುಂಬಿ ಇಟ್ಟಿದ್ದೇನೆ, ಕಳಿಸಲು ಕೈ ಬರುತ್ತಿಲ್ಲ. ಹಿಂದೆ ನಮ್ಮ ನಾಯಿ ವಯಸ್ಸಾಗಿ ಹೋದಾಗ ಅದರ ಬಟ್ಟಲನ್ನು ಆರು ತಿಂಗಳು ಎತ್ತಿಡಲಿಲ್ಲ ನಾನು. ಅಂಥವಳು ಚೆನ್ನಾಗಿ ಓಡಾಡಿಕೊಂಡಿರುವ ನಾಯಿಯನ್ನು ಕೈಯಾರೆ ಕೊಟ್ಟು ಬರುತ್ತೇನಾ?

ಕೊಡುವ ದಿನ ನಿಜವಾಗಿ ಹೇಗಿರುತ್ತದೆ? ದಿನಕ್ಕೆ ಎಷ್ಟು ಹೊತ್ತು ಬೇಕು? ನಾನೇ ಏನಾದರೂ ತಪ್ಪು ಕಲಿಸಿ ಮರಿಯನ್ನು ಕೆಡಿಸಿಬಿಟ್ಟರೆ?

ಗುಬ್ಬಿಗೂಡು
ಮೊದಲು ನಿಮ್ಮ ಹೆಸರು ಬದಲಾಯಿಸಿಕೊಳ್ಳಿ. ಮರಿ ಬಂದ ಮೇಲೆ ಮನೆಯಲ್ಲಿ ಹೊಸ ಚಪ್ಪಲಿ ಅನ್ನುವ ವಸ್ತುವೇ ಇರುವುದಿಲ್ಲ.

ಮೂರನೇಮರಿ
ಎರಡು ಸಾಕಿ ಕೊಟ್ಟಿದ್ದೇನೆ, ಮೂರನೆಯದು ಈಗ ಕಾಲ ಹತ್ತಿರ ಮಲಗಿ ಗೊರಕೆ ಹೊಡೆಯುತ್ತಿದೆ.

ಕೊಡುವ ದಿನ ಕೆಟ್ಟದಾಗಿಯೇ ಇರುತ್ತದೆ, ಸುಮ್ನೆ ಸಮಾಧಾನದ ಮಾತು ಹೇಳುವುದಿಲ್ಲ. ಮೊದಲ ಮರಿ ವ್ಯಾನ್ ಹತ್ತುವಾಗ ತಿರುಗಿ ಕೂಡ ನೋಡಲಿಲ್ಲ. ಒಳಗೆ ಇನ್ನೊಂದು ನಾಯಿ ಇತ್ತು, ಅದರ ಮೂತಿ ಮೂಸುವುದರಲ್ಲೇ ಮುಳುಗಿಹೋಗಿತ್ತು. ನನಗೆ ಅದಕ್ಕೇ ಜಾಸ್ತಿ ಅಳು ಬಂತು. ಮನೆಗೆ ಬಂದು ಗುಡಿಸುವಾಗ ಸೋಫಾ ಕೆಳಗಿಂದ ಅರ್ಧ ಕಚ್ಚಿದ ಕಾಲುಚೀಲ ಸಿಕ್ಕಿತು, ಅವತ್ತು ಇಡೀ ದಿನ ಏನೂ ಕೆಲಸ ಆಗಲಿಲ್ಲ. ಎರಡನೆಯದರ ಸಲ ಕಡಿಮೆ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಹೊತ್ತಿನ ವಿಷಯ. ಮೊದಲ ಎರಡು ತಿಂಗಳು ನಿಮ್ಮ ದಿನಚರಿಯನ್ನು ಮರಿಯ ಮೂತ್ರಕೋಶ ನಡೆಸುತ್ತದೆ. ಎದ್ದ ತಕ್ಷಣ, ತಿಂದ ತಕ್ಷಣ, ಆಡಿದ ತಕ್ಷಣ ಹೊರಗೆ. ಹೊರಗೆ ಹೋದರೆ ಸಾಲದು, ಹೇಳಿದಾಗ ಮಾಡಬೇಕು. ಅದು ಮಾಡುತ್ತಿರುವಾಗಲೇ ಒಂದು ಪದ ಹೇಳುತ್ತಾ ಹೋಗುತ್ತೇವೆ, ಬ್ರಿಟನ್ನಿನವರು "ಬಿಜಿ ಬಿಜಿ" ಅನ್ನುತ್ತಾರೆ. ಕೆಲವು ವಾರದಲ್ಲಿ ಪದಕ್ಕೂ ಕೆಲಸಕ್ಕೂ ಗಂಟು ಬೀಳುತ್ತದೆ. ನಾಯಿ ಎಲ್ಲಿ ಯಾವಾಗ ಮಾಡಿತು ಎಂದು ಕಣ್ಣು ಕಾಣದವರು ಹುಡುಕಿಕೊಂಡು ಇರಲು ಆಗುವುದಿಲ್ಲ ಅಲ್ವಾ, ಅದಕ್ಕೆ. ಒಂಟಿಯಾಗಿ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಬಿಡಬೇಡಿ ಎಂದು ನಮಗೆ ಹೇಳಿದ್ದರು.

ಮಾಮೂಲಿ ನಾಯಿ ಸಾಕಿದವರಿಗೆ ಕೆಲವು ನಿಯಮ ವಿಚಿತ್ರ ಅನ್ನಿಸುತ್ತವೆ. ಚೆಂಡು ಎಸೆದು ತರಿಸುವ ಆಟ ಬೇಡ ಅನ್ನುತ್ತಾರೆ. ನಾಳೆ ರಸ್ತೆಯಲ್ಲಿ ಯಾವುದೋ ಮಗುವಿನ ಚೆಂಡು ಉರುಳಿದರೆ ಮನುಷ್ಯನನ್ನೂ ಎಳೆದುಕೊಂಡು ಹೋಗಬಾರದಲ್ಲ. ನಿಮ್ಮ ತಟ್ಟೆಯಿಂದ ಒಂದು ತುಣುಕೂ ಹಾಕುವಂತಿಲ್ಲ. ಎಸ್ಕಲೇಟರ್ ಹತ್ತಿಸುವಂತಿಲ್ಲ, ಪಾದ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು, ಸಾಮಾನ್ಯ ತರಬೇತಿಯಲ್ಲಿ ನಾಯಿ ಕಾಲಿಗೆ ಅಂಟಿಕೊಂಡು ನಡೆಯಬೇಕು ಅನ್ನುತ್ತಾರಲ್ಲ, ಇಲ್ಲಿ ಹಾಗಲ್ಲ. ಎಡಗಡೆ, ಸ್ವಲ್ಪ ಮುಂದೆ. ಹಿಂದೆ ಉಳಿದರೆ ದಾರಿ ತೋರಿಸುವುದು ಹೇಗೆ!

ಕೋಳಿಜಗಳ
ಬೈದರೂ ಪರವಾಗಿಲ್ಲ, ಹೇಳುತ್ತೇನೆ. ಇದು ನಾಯಿಗೆ ಮಾಡುವ ಮೋಸ. ಎಂಟು ವಾರಕ್ಕೆ ತಾಯಿಯಿಂದ ಬಿಡಿಸುತ್ತೀರಿ. ಒಂದು ವರ್ಷ ನೀವೇ ಎಲ್ಲಾ ಎಂದು ನಂಬಿಸುತ್ತೀರಿ. ಆಮೇಲೆ ತರಬೇತಿ ಕೇಂದ್ರದ ನಾಯಿಗೂಡು. ಆಮೇಲೆ ಇನ್ನೊಬ್ಬರ ಕೈಗೆ. ಅಷ್ಟಾದ ಮೇಲೆ ಜೀವನಪೂರ್ತಿ ದುಡಿತ. ಆಟ ಇಲ್ಲ, ಚೆಂಡು ಇಲ್ಲ. ಕೋಲು ಇದೆ, ಫೋನಿನಲ್ಲಿ ದಾರಿ ಹೇಳುವ ಆ್ಯಪ್ ಇದೆ, ಆದರೂ ಒಂದು ಮೂಕಪ್ರಾಣಿಯನ್ನು ಯಾಕೆ ಯಂತ್ರ ಮಾಡಬೇಕು?

ಗುಬ್ಬಿಗೂಡು
ಬಂದರಪ್ಪ. ಹೆಸರಿಗೆ ತಕ್ಕ ಹಾಗೆ.

ಲೆಕ್ಕದಮೇಷ್ಟ್ರು
ಜಗಳದ ನಡುವೆ ಸ್ವಲ್ಪ ಚರಿತ್ರೆ ಸೇರಿಸುತ್ತೇನೆ, ಬೇಡದವರು ದಾಟಿಕೊಂಡು ಹೋಗಿ. ಗೈಡ್ ಡಾಗ್‌ಗಳ ಮೊದಲ ಶಾಲೆ ಶುರುವಾಗಿದ್ದು ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, 1916ರಲ್ಲಿ, ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಾಯಿ ತಳಿ ಬೆಳೆಸುತ್ತಿದ್ದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ 1927ರಲ್ಲಿ ಈ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿಸಿಕೊಂಡ ಮಾರಿಸ್ ಫ್ರಾಂಕ್ ಎಂಬ ಕಣ್ಣು ಕಾಣದ ಹುಡುಗ ಅವರಿಗೆ ಪತ್ರ ಬರೆದು, 1928ರಲ್ಲಿ ಅಲ್ಲಿಗೇ ಹೋಗಿ, ಬಡ್ಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ವಾಪಸ್ ಬಂದ. ಪತ್ರಕರ್ತರು ನೋಡುತ್ತಿರುವಾಗಲೇ ನ್ಯೂಯಾರ್ಕಿನ ವಾಹನಗಳ ನಡುವೆ ರಸ್ತೆ ದಾಟಿ ತೋರಿಸಿದ. ಮುಂದಿನ ವರ್ಷ, 1929ರಲ್ಲಿ, ಇಬ್ಬರೂ ಸೇರಿ 'ದಿ ಸೀಯಿಂಗ್ ಐ' ಎಂಬ ಗೈಡ್ ಡಾಗ್ ಶಾಲೆ ಶುರು ಮಾಡಿದರು. ಅಂದಹಾಗೆ ಎಲ್ಲಾ ಗೈಡ್ ಡಾಗನ್ನೂ 'ಸೀಯಿಂಗ್ ಐ ಡಾಗ್' ಅನ್ನುವುದು ತಪ್ಪು, ಆ ಹೆಸರು ಆ ಒಂದು ಸಂಸ್ಥೆಯ ನಾಯಿಗಳಿಗೆ ಮಾತ್ರ.

ಮನೆಯಲ್ಲಿ ಮರಿ ಸಾಕಿಸುವ ಪದ್ಧತಿ ಬಂದಿದ್ದು ತಡವಾಗಿ. ಸೀಯಿಂಗ್ ಐ 1942ರಲ್ಲಿ ಫೋರ್-ಎಚ್ ಮಕ್ಕಳ ಕ್ಲಬ್ಬುಗಳ ಮೂಲಕ ಶುರು ಮಾಡಿತು, ಬ್ರಿಟನ್ನಿನಲ್ಲಿ 1956ರಲ್ಲಿ. ಮಕ್ಕಳು ಸಾಕಿ ಕೊಟ್ಟಿದ್ದಾರೆ ಅಂದಮೇಲೆ ನಿಮಗೂ ಆಗುತ್ತದೆ ಮೇಡಂ.

ಹೊಸಚಪ್ಪಲಿ
ಮೇಷ್ಟ್ರೇ, ಮಕ್ಕಳಿಗೆ ನನಗಿಂತ ಗಟ್ಟಿ ಮನಸ್ಸು ಇರುತ್ತದೆ. @ಕೋಳಿಜಗಳ ಅವರ ಮಾತು ಸಿಟ್ಟು ತರಿಸಿತು, ಆದರೆ ರಾತ್ರಿ ಮಲಗಿದಾಗ ನನಗೂ ಅದೇ ಯೋಚನೆ ಬರುತ್ತದೆ. ಸುಳ್ಳು ಯಾಕೆ ಹೇಳಲಿ.

ಬಿಳಿಕೋಲು
ನನ್ನ ಬಗ್ಗೆ ಮಾತಾಡುತ್ತಿದ್ದೀರಿ, ಆದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹದಿನೆಂಟು ವರ್ಷ ಕೋಲು ಹಿಡಿದು ಓಡಾಡಿದೆ, ಈಗ ಆರು ವರ್ಷದಿಂದ ನಾಯಿ. ಹೆಸರು ಬದಲಾಯಿಸಲು ಸೋಮಾರಿತನ.

ಕೋಳಿಜಗಳ ಸಾರ್, ಕೋಲು ಒಳ್ಳೆಯದೇ. ನನ್ನ ಗೆಳೆಯರಲ್ಲಿ ಹಲವರಿಗೆ ನಾಯಿಯ ಸಹವಾಸವೇ ಬೇಡ, ಅವರು ಕೋಲಿನಲ್ಲೇ ನನಗಿಂತ ಜೋರಾಗಿ ನಡೆಯುತ್ತಾರೆ. ಆದರೆ ಕೋಲು ಒಂದು ಅಡ್ಡಿಯನ್ನು ತಿಳಿಯುವುದು ಅದಕ್ಕೆ ತಗುಲಿದ ಮೇಲೆ. ನಾಯಿ ತಗುಲುವ ಮೊದಲೇ ಬಳಸಿಕೊಂಡು ಹೋಗುತ್ತದೆ. ತಲೆಯ ಎತ್ತರಕ್ಕೆ ಬಾಗಿರುವ ಕೊಂಬೆ ಕೋಲಿಗೆ ಸಿಗುವುದೇ ಇಲ್ಲ, ನನ್ನ ಹಣೆಯ ಮೇಲಿನ ಗುರುತು ಅದಕ್ಕೆ ಸಾಕ್ಷಿ. ನಾಯಿ ತಾನು ಆರಾಮಾಗಿ ಕೆಳಗೆ ನುಸುಳಿ ಹೋಗಬಹುದಾದರೂ ನನ್ನ ಎತ್ತರ ಲೆಕ್ಕ ಹಾಕಿ ನಿಲ್ಲುತ್ತದೆ.

ಇನ್ನು ಯಂತ್ರದ ಮಾತು. ಯಂತ್ರ ಹೇಳಿದ್ದನ್ನು ಮಾಡುತ್ತದೆ. ನನ್ನ ನಾಯಿ ಕೆಲವು ಸಲ ಬೇಕೆಂದೇ ಮಾಡುವುದಿಲ್ಲ, ಅದನ್ನೇ ಅದಕ್ಕೆ ಕಲಿಸಿರುತ್ತಾರೆ. ಹೋದ ವರ್ಷ ರಸ್ತೆ ದಾಟಲು ನಿಂತಿದ್ದೆ. ಸದ್ದಿಲ್ಲ, ಖಾಲಿ ಇದೆ ಅಂದುಕೊಂಡು "ಮುಂದೆ" ಎಂದೆ. ಅಲುಗಾಡಲಿಲ್ಲ. ಇನ್ನೊಮ್ಮೆ ಗದರಿಸಿ ಹೇಳಿದೆ, ಅಡ್ಡ ಬಂದು ನನ್ನ ಮೊಣಕಾಲಿಗೆ ಒತ್ತಿ ನಿಂತಿತು. ಆಗ ಮುಖಕ್ಕೆ ಗಾಳಿ ಬಡಿಯಿತು. ಎಲೆಕ್ಟ್ರಿಕ್ ಕಾರು.

ಹಾರ್ನೆಸ್ (ನಾನು ಹಿಡಿದುಕೊಳ್ಳುವ ಹಿಡಿಕೆ ಇರುವ ಮೈಪಟ್ಟಿ) ಬಿಚ್ಚಿದ ಮೇಲೆ ಅದು ಮಾಮೂಲಿ ನಾಯಿ. ಉರುಳಾಡುತ್ತದೆ, ನನ್ನ ಹಾಸಿಗೆಯ ಒಳ್ಳೆಯ ಅರ್ಧ ಅದರದೇ. ಬೆಳಿಗ್ಗೆ ಹಾರ್ನೆಸ್ ಎತ್ತಿಕೊಂಡರೆ ತಾನೇ ತಲೆ ತೂರಿಸುತ್ತದೆ. ಇಷ್ಟವಿಲ್ಲದ ನಾಯಿಯ ಹಿಂದೆ ನಾನೇ ನಡೆಯುವುದಿಲ್ಲ ಸಾರ್. ಜೀವ ನನ್ನದು.

ಗುಬ್ಬಿಗೂಡು
ಅಬ್ಬಾ. ❤️❤️❤️❤️❤️❤️ ಒಂದು ಪ್ರಶ್ನೆ, ಹಸಿರು ಕೆಂಪು ದೀಪ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಬಿಳಿಕೋಲು
ಗೊತ್ತಾಗುವುದಿಲ್ಲ, ಅದು ದೀಪ ನೋಡಿ ದಾಟಿಸುತ್ತದೆ ಅನ್ನುವುದೇ ದೊಡ್ಡ ತಪ್ಪು ತಿಳುವಳಿಕೆ. ನಾಯಿಗೆ ಹಳದಿ ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ವಾಹನಗಳ ಸದ್ದು ಕೇಳಿ ಯಾವಾಗ ದಾಟಬೇಕು ಎಂದು ತೀರ್ಮಾನಿಸುವುದು ನಾನು, ಅಪಾಯ ಇದ್ದರೆ ತಡೆಯುವುದು ಅದು. ದಾರಿಯೂ ಹಾಗೇ. ಎಲ್ಲಿಗೆ ಹೋಗಬೇಕು, ಎಲ್ಲಿ ತಿರುಗಬೇಕು ಎಂದು ನನಗೆ ಗೊತ್ತಿರಬೇಕು. ಅದು ಮ್ಯಾಪ್ ಅಲ್ಲ.

ಮತ್ತೆ ಆರು ಹೃದಯ ಹಾಕಬೇಡಿ ಮಾರಾಯ್ರೆ. ನನ್ನ ಸ್ಕ್ರೀನ್ ರೀಡರ್ "ಕೆಂಪು ಹೃದಯ ಕೆಂಪು ಹೃದಯ" ಎಂದು ಒಂದೊಂದನ್ನೂ ಓದಿ ಹೇಳಿತು. ನಾಯಿ ಎದ್ದು ಕೂತಿದೆ.

ಗುಬ್ಬಿಗೂಡು
ಅಯ್ಯೋ ಕ್ಷಮಿಸಿ. ಇನ್ನು ಮುಂದೆ ಒಂದೇ.

ಬೆಕ್ಕಿನಮನೆ
ಮನೆಯಲ್ಲಿ ಬೆಕ್ಕು ಇದ್ದರೆ ಮರಿ ಕೊಡುತ್ತಾರಾ? ನಮ್ಮ ಬೆಕ್ಕು ಸ್ವಲ್ಪ ರೌಡಿ.

ಮೂರನೇಮರಿ
ಕೊಡುತ್ತಾರೆ, ಎಷ್ಟೋ ಸಲ ಒಳ್ಳೆಯದೇ ಆಯಿತು ಅನ್ನುತ್ತಾರೆ. ಬೆಕ್ಕನ್ನು ಅಟ್ಟಿಸಿಕೊಂಡು ಹೋಗಬಾರದು ಎಂದು ಬೆಕ್ಕೇ ಕಲಿಸುತ್ತದೆ, ಒಂದು ಪೆಟ್ಟು ಸಾಕು. ಆದರೆ ಮನೆ ನೋಡಲು ಬಂದಾಗ ರೌಡಿ ಎಂದು ಮುಚ್ಚಿಡಬೇಡಿ. ಕಣ್ಣಿಗೆ ಪರಚಿದರೆ ಮರಿಯ ಕೆಲಸದ ಬದುಕು ಅಲ್ಲಿಗೇ ಮುಗಿಯಬಹುದು.

ಸೂಜಿಮದ್ದು
ನಾನು ಪಶುವೈದ್ಯೆ, ಇಂಥ ಮರಿಗಳು ನನ್ನ ಹತ್ತಿರ ಬರುತ್ತವೆ. ಎಲ್ಲರೂ ಎಡವುವ ಒಂದು ವಿಷಯ ಹೇಳುತ್ತೇನೆ. ಮರಿ ಪ್ರಪಂಚಕ್ಕೆ ಹೊಂದಿಕೊಳ್ಳುವ ಬಾಗಿಲು ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಅಗಲವಾಗಿ ತೆರೆದಿರುತ್ತದೆ. ಲಸಿಕೆಗಳ ಸರಣಿ ಮುಗಿಯುವುದು ಸುಮಾರು ಹದಿನಾರಕ್ಕೆ. ಅಂದರೆ ಲಸಿಕೆ ಪೂರ್ತಿ ಆಗಲಿ ಎಂದು ಮನೆಯೊಳಗೇ ಕೂರಿಸಿದರೆ ಬಾಗಿಲು ಮುಚ್ಚಿಹೋಗಿರುತ್ತದೆ. ಹಾಗೆಂದು ಕಂಡಕಂಡ ಮಣ್ಣಿನಲ್ಲಿ ಬಿಟ್ಟರೆ ಪಾರ್ವೋ ಎಂಬ ಮಾರಕ ವೈರಸ್ ಕಾಯಿಲೆ. ಆದ್ದರಿಂದ ಎತ್ತಿಕೊಂಡು ತಿರುಗಿ. ಬಸ್ಸಿನ ಸದ್ದು, ಛತ್ರಿ, ಗಡ್ಡದವರು, ಹೆಲ್ಮೆಟ್‌ನವರು, ಗಾಲಿಕುರ್ಚಿ, ಅಳುವ ಮಗು, ಎಲ್ಲಾ ನಿಮ್ಮ ತೋಳಿನಿಂದಲೇ ನೋಡಲಿ.

ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್, ಎಲ್ಲಾ ಕೈಗೆಟುಕದ ಕಡೆ. ಲ್ಯಾಬ್ರಡಾರ್ ಮರಿ ಹೊಟ್ಟೆ ತುಂಬಿದೆ ಎಂದು ಯಾವತ್ತೂ ಒಪ್ಪುವುದಿಲ್ಲ. ಅದು ನಾಟಕ ಅಲ್ಲ. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಪಿಓಎಂಸಿ ಎಂಬ ಜೀನ್‌ನಲ್ಲಿ ಒಂದು ತುಣುಕು ಕಾಣೆಯಾಗಿರುವುದನ್ನು ಪತ್ತೆ ಹಚ್ಚಿದರು, ಅದಿರುವ ಲ್ಯಾಬ್‌ಗಳಿಗೆ ತಿನ್ನುವ ಆಸೆ ಜಾಸ್ತಿ. ಸಾಮಾನ್ಯ ಲ್ಯಾಬ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಇದಿದ್ದರೆ, ಅವರು ನೋಡಿದ ಸಹಾಯಕ ನಾಯಿಗಳಲ್ಲಿ ಮುಕ್ಕಾಲು ಭಾಗಕ್ಕೆ ಇತ್ತು. ತಿಂಡಿಗೆ ಸೋಲುವ ನಾಯಿಗೆ ಕಲಿಸುವುದು ಸುಲಭ, ಬಹುಶಃ ಅದಕ್ಕೇ ಅಂಥವೇ ಆಯ್ಕೆಯಾಗುತ್ತಾ ಬಂದಿವೆ.

ಗುಬ್ಬಿಗೂಡು
ನನಗೂ ಆ ಜೀನ್ ತುಣುಕು ಇಲ್ಲ ಅನ್ನಿಸುತ್ತಿದೆ ಡಾಕ್ಟ್ರೇ.

ನಿದ್ದೆಗೇಡಿ
"ನಾನು ಕೆಡಿಸಿಬಿಟ್ಟರೆ" ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ, ಯಾಕೆಂದರೆ ನನ್ನದು ಫೇಲ್ ಆಯಿತು.

ಹದಿನೈದು ತಿಂಗಳು ಸಾಕಿದೆ. ಚಿನ್ನದಂಥ ನಾಯಿ, ಮಳೆಗೆ ಹೆದರದು, ರೈಲಿಗೆ ಹೆದರದು. ತರಬೇತಿಗೆ ಹೋಗಿ ಮೂರು ತಿಂಗಳಾದ ಮೇಲೆ ಫೋನ್ ಬಂತು. ಪಾರಿವಾಳ ಕಂಡರೆ ಲೋಕವೇ ಮರೆಯುತ್ತದಂತೆ. ನನಗೆ ಗೊತ್ತಿತ್ತು! ಮರಿಯಾಗಿದ್ದಾಗ ಅದು ಹಕ್ಕಿ ಹಿಂದೆ ಓಡಿದರೆ ನಾವೆಲ್ಲ ನಗುತ್ತಿದ್ದೆವು, ವಿಡಿಯೋ ಮಾಡುತ್ತಿದ್ದೆವು. ಆ ವಿಡಿಯೋಗಳನ್ನು ಆಮೇಲೆ ನೋಡಲಾಗಲಿಲ್ಲ. ಎರಡು ವಾರ ನಿದ್ದೆ ಬರಲಿಲ್ಲ, ಈ ಹೆಸರು ಆಗ ಇಟ್ಟುಕೊಂಡಿದ್ದು. ತರಬೇತಿ ಕೊಡುವವರು ಹೇಳಿದ್ದು ಇಷ್ಟು: ಒಂದೇ ಸೂಲಿನ ಮರಿಗಳಲ್ಲೂ ಕೆಲವು ಪಾಸಾಗುತ್ತವೆ, ಕೆಲವು ಆಗುವುದಿಲ್ಲ. ಸೊಂಟದ ಕೀಲು ಸರಿ ಇಲ್ಲ, ಅಲರ್ಜಿ ಇದೆ, ಗಮನ ಹರಿದುಹೋಗುತ್ತದೆ, ಅಥವಾ ನಾಯಿಗೆ ಈ ಕೆಲಸವೇ ಬೇಡ. ಸಾಕಿದವರ ಪಾಲು ಇದೆ, ಆದರೆ ಎಲ್ಲಾ ಅವರದೇ ಅಲ್ಲ.

ಅದನ್ನು ಮೊದಲು ನಮಗೇ ಕೊಡುತ್ತೇವೆ ಎಂದರು. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು, ಆಗಲಿಲ್ಲ. ಈಗ ಆಟಿಸಂ ಇರುವ ಒಂದು ಮಗುವಿನ ಮನೆಯಲ್ಲಿದೆ. ವರ್ಷಕ್ಕೊಮ್ಮೆ ಫೋಟೋ ಬರುತ್ತದೆ.

ಕೋಳಿಜಗಳ
ನೋಡಿ, ಇದನ್ನೇ ನಾನು ಹೇಳಿದ್ದು. ನಾಯಿಯೂ ನೊಂದಿತು, ಮನುಷ್ಯರೂ ನೊಂದರು. ಬಿಳಿಕೋಲು ಅವರ ಅನುಭವಕ್ಕೆ ನಾನು ಎದುರು ಮಾತಾಡುವುದಿಲ್ಲ, ಅದು ಅವರ ಬದುಕು. ಯಂತ್ರ ಎಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಮನೆಯಿಂದ ಮನೆಗೆ ಸಾಗಿಸುವುದು ಇದೆಯಲ್ಲ, ಅದು ನನಗೆ ಈಗಲೂ ಒಪ್ಪಿಗೆ ಇಲ್ಲ.

ನಿದ್ದೆಗೇಡಿ
ನಾಯಿ ನೊಂದಿತು ಎಂದು ನಾನು ಎಲ್ಲೂ ಬರೆದಿಲ್ಲ ಸ್ವಾಮಿ. ನೊಂದಿದ್ದು ನಾನು. ಅದಕ್ಕೆ ಈಗ ಆ ಮನೆಯ ತೋಟದ ತುಂಬ ಪಾರಿವಾಳ.

ಮೂರನೇಮರಿ
ಕೋಳಿಜಗಳ, ಅದಕ್ಕೇ ಕೆಲವು ಕಡೆ ಈಗ ಮರಿಗಳನ್ನು ಆಗಾಗ ಬೇರೆ ಸ್ವಯಂಸೇವಕರ ಮನೆಯಲ್ಲಿ ಒಂದೆರಡು ರಾತ್ರಿ ಬಿಡುತ್ತಾರೆ, ಜಾಗ ಬದಲಾದರೂ ಗಾಬರಿಯಾಗದಿರಲಿ ಎಂದು. ತರಬೇತಿಯ ಕಾಲದಲ್ಲೂ ರಾತ್ರಿ ಮನೆಗೇ ಕಳಿಸುವ ಸಂಸ್ಥೆಗಳಿವೆ. ಪ್ರಶ್ನೆ ಕೇಳುವುದು ಸರಿ, ಆದರೆ ಸಂಸ್ಥೆಗೇ ಕೇಳಿ, ಒಂದೊಂದು ಕಡೆ ಒಂದೊಂದು ರೀತಿ. ಅಂತರರಾಷ್ಟ್ರೀಯ ಗೈಡ್ ಡಾಗ್ ಒಕ್ಕೂಟ ಅಂತ ಇದೆ, ನಿಮಗೆ ಮರಿ ಕೊಡುವವರು ಅದರಲ್ಲಿ ಸದಸ್ಯರಾ ಎಂದು ಮೊದಲು ನೋಡಿಕೊಳ್ಳಿ. ಆಹಾರದ ಖರ್ಚು, ವೈದ್ಯರ ಖರ್ಚು ಯಾರದು ಎಂದು ಮುಲಾಜಿಲ್ಲದೆ ಕೇಳಿ.

ಲೆಕ್ಕದಮೇಷ್ಟ್ರು
ಅಂಗಡಿ, ಹೋಟೆಲ್ ಒಳಗೆ ಮರಿಯನ್ನು ಬಿಡುತ್ತಾರಾ ಅನ್ನುವುದನ್ನೂ ಕೇಳಿ. ಅಮೆರಿಕದ ಎಡಿಎ, ಅಂದರೆ ಅಂಗವಿಕಲರ ಹಕ್ಕಿನ ಕಾನೂನಿನ ಪ್ರಕಾರ ಒಳಗೆ ಬರುವ ಹಕ್ಕು ತರಬೇತಿ ಮುಗಿಸಿದ ನಾಯಿಗೆ ಮಾತ್ರ, ಕಲಿಯುತ್ತಿರುವ ಮರಿಯ ವಿಷಯ ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ಮರಿಗೆ ಕೋಟು ಹಾಕಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಮೂರನೇಮರಿ
ಹೌದು. ಒಂದು ಅಂಗಡಿಯವರು ನನ್ನನ್ನೇ ಮೇಲಿಂದ ಕೆಳಗೆ ನೋಡಿ "ನಿಮಗೆ ಕಣ್ಣು ಚೆನ್ನಾಗೇ ಕಾಣುತ್ತದಲ್ಲ" ಎಂದು ಗೇಟಿನಲ್ಲೇ ನಿಲ್ಲಿಸಿದ್ದರು. ಜಗಳ ಆಡಲಿಲ್ಲ, ಮರಿಗೆ ಜಗಳ ಕಲಿಸುವುದು ಬೇಡ ಎಂದು ಹೊರಗೇ ಹತ್ತು ನಿಮಿಷ ಸುಮ್ಮನೆ ಕೂರಿಸಿದೆ. ಅದೂ ಪಾಠವೇ.

ಬಿಳಿಕೋಲು
ಆ ಹತ್ತು ನಿಮಿಷದ ಬಗ್ಗೆಯೇ ನಾನು ಬರೆಯಬೇಕು ಅಂದುಕೊಂಡಿದ್ದೆ. ಹಾರ್ನೆಸ್ ಹಾಕಿ ದಾರಿ ತೋರಿಸುವುದನ್ನು ನನ್ನ ನಾಯಿಗೆ ಕಲಿಸಿದ್ದು ತರಬೇತುದಾರರು, ಕೆಲವೇ ತಿಂಗಳಲ್ಲಿ. ಆದರೆ ಆಫೀಸಿನಲ್ಲಿ ಎರಡೂವರೆ ಗಂಟೆ ಮೀಟಿಂಗ್ ನಡೆದರೆ ಅದು ಕುರ್ಚಿಯ ಕೆಳಗೆ ಇದೆ ಎಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಕಲಿಸಿದ್ದು ಸಾಕಿದವರು. ಅಂದರೆ ನಿಮ್ಮ ಕೆಲಸ ಮರಿಯನ್ನು ಜಾಣ ಮಾಡುವುದಲ್ಲ. ಪ್ರಪಂಚ ಅದಕ್ಕೆ ಬೋರ್ ಹೊಡೆಯುವ ಹಾಗೆ ಮಾಡುವುದು. ಸೈರನ್ನಾ, ಆಗಲಿ. ಬ್ಯಾಂಡ್ ಸೆಟ್ಟಾ, ಆಗಲಿ. ಯಾರೋ ಬಿಸ್ಕತ್ತು ಬೀಳಿಸಿದರಾ... ಅದೊಂದು ಇನ್ನೂ ಪೂರ್ತಿ ಬೋರ್ ಆಗಿಲ್ಲ.

ಅದನ್ನು ಸಾಕಿದವರು ನಾಯಿಯ ಜೊತೆ ಒಂದು ಕಾಗದ ಕಳಿಸಿದ್ದರು, ನನ್ನ ತಂಗಿ ಓದಿ ಹೇಳಿದಳು. "ಎಡಕಿವಿಯ ಬುಡದಲ್ಲಿ ಕೆರೆದರೆ ಹಿಂಗಾಲು ಒದರುತ್ತದೆ. ಗುಡುಗಿದಾಗ ಹೆದರುವುದಿಲ್ಲ, ಆದರೆ ಹತ್ತಿರ ಬಂದು ಕೂರುತ್ತದೆ, ಕೂರಲು ಬಿಡಿ." ಆರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಈಗ ಅದಕ್ಕೆ ಎಂಟು ವರ್ಷ, ಇನ್ನೊಂದೆರಡು ವರ್ಷಕ್ಕೆ ನಿವೃತ್ತಿ. ಆಗ ಇನ್ನೊಂದು ನಾಯಿ ಬೇಕಾಗುತ್ತದೆ, ಅದರ ಮರಿಗಾಲ ಯಾರ ಮನೆಯಲ್ಲೋ.

ಬೆಕ್ಕಿನಮನೆ
ಕಚೇರಿಯಲ್ಲಿ ಓದುತ್ತಿದ್ದೇನೆ, ಕಣ್ಣಿನಲ್ಲಿ ನೀರು, ಎದುರಿನವರು ಏನಾಯಿತು ಎಂದು ಕೇಳುತ್ತಿದ್ದಾರೆ.

ಹೊಸಚಪ್ಪಲಿ
ಎರಡು ದಿನ ಸುಮ್ಮನಿದ್ದೆ, ಎಲ್ಲಾ ಓದಿದೆ. ಪೂರ್ತಿ ವರ್ಷದ ಅರ್ಜಿ ಕಳಿಸಲಿಲ್ಲ. ಸಾಕುವವರು ಊರಿಗೆ ಹೋದಾಗ ಮರಿಯನ್ನು ನಾಲ್ಕೈದು ದಿನ ನೋಡಿಕೊಳ್ಳುವವರೂ ಬೇಕಂತೆ, ಅದಕ್ಕೆ ಕಳಿಸಿದೆ. ಕೋಳಿಜಗಳ ಅವರೇ, ನಗಬೇಡಿ. ನಾಲ್ಕು ದಿನಕ್ಕೆ ಕೊಟ್ಟು ನೋಡುತ್ತೇನೆ, ತಡೆದುಕೊಂಡರೆ ಮುಂದೆ ವರ್ಷ.

ಕೋಳಿಜಗಳ
ನಗುತ್ತಿಲ್ಲ. ಫೋಟೋ ಹಾಕಿ.

ಬಿಳಿಕೋಲು
ಫೋಟೋದಲ್ಲಿ ಏನಿದೆ ಎಂದು ಒಂದು ಸಾಲು ಬರೆದು ಹಾಕಿ.

ಹೊಸಚಪ್ಪಲಿ
ಮೂರು ವಾರದ ಮೇಲೆ ಬರುತ್ತಿದ್ದೇನೆ. ಫೋಟೋ ಹಾಕಿದ್ದೇನೆ. ಬಿಳಿಕೋಲು ಅವರಿಗೆ: ಹನ್ನೊಂದು ವಾರದ ಕಪ್ಪು ಲ್ಯಾಬ್ ಹೆಣ್ಣುಮರಿ, ಹೊಟ್ಟೆ ಮೇಲೆ ಮಾಡಿ ಮಲಗಿದೆ, ಒಂದು ಕಿವಿ ಒಳಮುಖ ಮಡಚಿಕೊಂಡಿದೆ, ಬಾಯಲ್ಲಿ ನನ್ನ ಎಡಗಾಲಿನ ಚಪ್ಪಲಿ. ಚಪ್ಪಲಿ ತಂದು ಎರಡೇ ವಾರ ಆಗಿತ್ತು. ನಾಳೆ ಬೆಳಿಗ್ಗೆ ಅವರು ಬಂದು ಕರೆದುಕೊಂಡು ಹೋಗುತ್ತಾರೆ. ಈಗ ಆ ವಿಷಯ ಮಾತಾಡುವುದು ಬೇಡ.

ಗುಬ್ಬಿಗೂಡು
ಹೋದದ್ದು ಹೋಯಿತು, ಬಲಗಾಲಿನದನ್ನೂ ಅದಕ್ಕೇ ಕೊಟ್ಟುಬಿಡಿ ಪಾಪ ❤️

ಮೂರನೇಮರಿ
ಕೊಡಬೇಡಿ! ಆ ಎಡಗಾಲಿನದನ್ನೂ ಈಗಲೇ ಬಿಡಿಸಿಕೊಂಡು ಆಟಿಕೆ ಕೊಡಿ. ಹಾಳಾದ ಚಪ್ಪಲಿ ಯಾವುದು, ಹೊಸದು ಯಾವುದು ಎಂದು ಮರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.